ನಾಲ್ಕನೇ ಮೆಟ್ಟಿಲು

ನಾನು ಥರ್ಮೊಕೋಲ್ ಕೊಯ್ಯುವವನು.
ಮದುವೆ ಮಂಟಪ, ಗಣಪತಿ ಪೆಂಡಾಲಿಗೆ ಹಿಮಾಲಯ,
ಒಮ್ಮೆ ಶಾಲೆಯವರಿಗೆ ಭದ್ರಾ ಅಣೆಕಟ್ಟು, ನೀರಿನ ಸಮೇತ.
ದಾವಣಗೆರೆಯಲ್ಲಿ ಕೇಳಿದ್ದು ಕಟ್ಟಿಕೊಡುತ್ತೇನೆ, ಅಡಿಗಿಷ್ಟು ಅಂತ.

ಪಿಂಜಾರರ ಓಣಿ ಬೇಕೆಂದು ಬಂದರು ಐದು ಜನ.
ರಸ್ತೆ ಅಗಲವಾಗಿ ಇಪ್ಪತ್ತೆರಡು ವರ್ಷ;
ಈಗಲ್ಲಿ ಟೈಲ್ಸ್ ಅಂಗಡಿ, ಎಟಿಎಂ, ನಡುವೆ ಡಿವೈಡರ್,
ಡಿವೈಡರಿನಲ್ಲಿ ಒಣಗಿದ ಕಣಗಿಲೆ.
ಶಾದಿಮಹಲಿನ ಗಾಜಿನ ಪೆಟ್ಟಿಗೆಗೆ, ನಾಲ್ಕಡಿ ಉದ್ದ, ಮೂರಡಿ ಅಗಲ.
"ಮನೆ ಹೆಂಗಾದರೂ ಇರಲಿ," ಅಂದ ಖಾಸಿಂಪೀರ್,
"ಮಸೀದಿ ಕಟ್ಟೆ ತಪ್ಪಬಾರದು."

ಫೋಟೊ ಒಂದೇ ಒಂದು, ಯಾರದೋ ನಿಕಾಹಿನದು.
ಮದುಮಗನ ಸೆಹರಾ ಹಿಂದೆ
ಅರ್ಧ ಬಾಗಿಲು, ಒಂದು ಮೇಕೆ, ಬೇವಿನ ಬುಡ.
ಉಳಿದದ್ದು ಅವರ ಬಾಯಲ್ಲಿತ್ತು,
ಐದು ಬಾಯಲ್ಲಿ ಐದು ಓಣಿ.
ನಲ್ಲಿ ಎಡಕ್ಕೆ. ಅಲ್ಲಪ್ಪ, ಬಲಕ್ಕೆ,
ನೀನು ಯಾವಾಗಲೂ ಹಿಂದಿನಿಂದ ಬರ್ತಿದ್ದೆ, ಅದಕ್ಕೇ ಎಡ.
ಪಂಜಾ ಇಡುತ್ತಿದ್ದುದು ಬುಡನ್‌ಸಾಬರ ಅಟ್ಟದ ಮೇಲೆ;
ಹೊರುತ್ತಿದ್ದವನು ಕುರುಬರ ಕೆಂಚವೀರ, ಅವನನ್ನೂ ಮಾಡು.
ಅಲಾಯಿ ಕುಣಿಗೆ ಕೆಂಪು ಬಳಿದರೆ ಬೈದರು:
"ಕೆಂಡ ಎಷ್ಟು ರಾತ್ರಿ? ಉಳಿದ ವರ್ಷ ಅದರಾಗೆ ನಾಯಿ ಮಲಗೋದು."
ಕೆಂಪು ಒರೆಸಿ ಒಂದು ನಾಯಿ ಇಟ್ಟೆ.

ಜಗಳ ಹತ್ತಿದ್ದು ಮೆಟ್ಟಿಲಿಗೆ.
ಮೂರು ಅಂದ ಖಾಸಿಂಪೀರ್. ಅಲ್ಲೇ ಕೂತು ಓದು ಕಲಿತವನು,
ಬೆತ್ತದೇಟಿನ ಜೊತೆ ಅದನ್ನೂ ಎಣಿಸಿದವನು.
ನಾಲ್ಕು ಅಂದ ಹೊನ್ನೂರಸಾಬ್.
ಅಪ್ಪನ ಜನಾಜಾ ಇಳಿಸುವಾಗ
ಹೆಗಲು ನಾಲ್ಕು ಸಲ ತಗ್ಗಿತ್ತಂತೆ.
ಚಹಾ ಆರಿತು. ಆಮೇಲೆ ಇಬ್ಬರೂ ಬರಲೇ ಇಲ್ಲ.
ಅಂಟು ಡಬ್ಬಿಯಲ್ಲೇ ಗಟ್ಟಿಯಾಯಿತು.

ಒಂದು ಮಧ್ಯಾಹ್ನ ಇಮಾಂಬಿ ಬಂದಳು.
ಹೆಂಗಸರನ್ನು ಯಾರೂ ಕೇಳಿರಲಿಲ್ಲ.
ಗಾದಿ ಹೊಲಿದು ಹೊಲಿದು ಸೊಟ್ಟಗಾದ ಹೆಬ್ಬೆರಳು
ಥರ್ಮೊಕೋಲಿನ ಕಟ್ಟೆಯ ಮೇಲೆ ಆಡಿಸಿ ಅಂದಳು:
"ಸುಗ್ಗಿಯಾಗೆ ಮೂರು, ಮಳೆಗಾಲದಾಗೆ ನಾಲ್ಕು."
ಹತ್ತಿ ಬಂದಾಗ ಇಡೀ ಓಣಿ ಹಾರುತ್ತಿತ್ತು;
ಬೀಜದ ಸಿಪ್ಪೆ, ಕಸ, ಅರಳೆಯ ಧೂಳು ಕೂತು ಕೂತು
ಕೆಳಗಿನ ಮೆಟ್ಟಿಲು ನೆಲವಾಗಿಬಿಡುತ್ತಿತ್ತು.
ಮಿರಗದ ಮಳೆಗೆ ಮತ್ತೆ ಹುಟ್ಟುತ್ತಿತ್ತು.
"ತೊಳೀತಿದ್ದೋರು ನಾವು. ನಮಗೆ ಗೊತ್ತಿರೋದಿಲ್ಲೇನು?"
ಒಳಗಡೆ ಹೇಗಿತ್ತು ಅಂದೆ.
"ಒಳಗೆ ನಾ ನೋಡಿಲ್ಲ. ಮೆಟ್ಟಿಲತನಕ ನಂದು."

ಸೊಂಟದ ಚೀಲದಿಂದ ತೆಗೆದಳು ಒಂದು ತುಂಡು
ಕಮಾನಿನ ತಂತಿ, ಗೇಣುದ್ದ, ಒಣಗಿ ಕಪ್ಪಾದ ನರ.
ಎರಡು ಮೊಳೆಗೆ ಬಿಗಿದು ಮೀಟಿದೆ.
ಟೊಂಯ್ ಅನ್ನಲಿಲ್ಲ. ಕಟ್ ಅಂದು ಸುಮ್ಮನಾಯಿತು.
ಇಮಾಂಬಿ ನಕ್ಕಳು.
"ಒಂದು ತಂತಿ ಸದ್ದಲ್ಲೋ ಅದು. ಇಪ್ಪತ್ತು ಮನೆ
ಒಟ್ಟಿಗೆ ಹಿಂಜೋ ಸದ್ದು.
ಆಜಾನಿಗೆ ಎಲ್ಲಾ ಒಮ್ಮೆಗೇ ನಿಲ್ಲೋದು.
ಆಜಾನು ನಾ ಎಲ್ಲಿ ಕೇಳಿದೆ? ಆ ನಿಂತಿದ್ದನ್ನ ಕೇಳ್ತಿದ್ದೆ."
ಇದಕ್ಕೆ ಅಡಿಗೆಷ್ಟು ಅಂತ ಹಾಕಲಿ?

ಪೆಟ್ಟಿಗೆ ಈಗ ಶಾದಿಮಹಲಿನಲ್ಲಿದೆ, ಕೈ ತೊಳೆಯುವ ಜಾಗದ ಪಕ್ಕ.
ಫಲಕದಲ್ಲಿ ಒತ್ತಕ್ಷರ ತಪ್ಪಿದೆ. ನನಗೆ ಎಂಟುನೂರು ಬಾಕಿ.
ನಾಲ್ಕನೇ ಮೆಟ್ಟಿಲಿಗೆ ನಾನು ಅಂಟು ಹಾಕಿಲ್ಲ,
ಗಾಜು ಸರಿಸಿ ಯಾರಾದರೂ ತೆಗೆಯಬಹುದು, ಇಡಬಹುದು.

ಹೋದ ವಾರ ಒಂದು ವಲೀಮಾ ಊಟಕ್ಕೆ ಹೋಗಿದ್ದೆ.
ಮೆಟ್ಟಿಲು ಕುಣಿಯಲ್ಲಿ ಬಿದ್ದಿತ್ತು, ನಾಯಿಯ ಪಕ್ಕ.
ಎತ್ತಿಕೊಂಡೆ. ಬಿರಿಯಾನಿ ಜಿಡ್ಡಿನ ಬೆರಳಲ್ಲಿ ಅದನ್ನು ಹಿಡಿದು
ಇದು ಯಾವ ತಿಂಗಳು ಅಂತ
ಲೆಕ್ಕ ಹಾಕುತ್ತ ನಿಂತೆ.