ಬಂತಾ?

ಟೀವಿ ನಮ್ಮ ಓಣಿಗೆ ಬಂದದ್ದು
ಎಪ್ಪತ್ತೇಳರ ದೀಪಾವಳಿ ದಾಟಿ,
ಕಾಯಿಪಲ್ಲೆ ಗಾಡಿಯೊಳಗ, ಗೋಣಿಚೀಲ ಹೊದ್ದು.
ವರ್ಗಾ ಆಗಿ ಹೊಂಟ ಕ್ಯಾಂಪಿನ ಯಾವನೋ ಮೇಜರ
ಮಾರಿಹೋದ ಪೆಟ್ಟಿಗಿ. ನಾಕು ಕಾಲು, ಮುಂದ ಎರಡು ಕದ,
ದೇವರ ಮಾಡದಂಗ.
ನೇಮಣ್ಣ ಕುಡಚಿ, ನಮ್ಮ ಸ್ವಾದರಮಾವ,
ಶಹಾಪುರದಾಗ ರೇಡಿಯೋ ರಿಪೇರಿ ಮಾಡಾಂವ,
ಕದ ತೆರದ, ಒಳಗ ಊದಿದ,
ಒಂದು ಸತ್ತ ಹಲ್ಲಿ ತಗದ,
‘ಜೀವ ಐತಿ’ ಅಂದ.

ಜೀವ ಇತ್ತು. ಚಿತ್ರ ಇರಲಿಲ್ಲ.
ಬೆಳಗಾವಿಗೆ ಆಗ ಟೀವಿ ಅಂದ್ರ
ಪುಣೆಯವರು ಗಾಳಿಗೆ ಚೆಲ್ಲಿದ್ದು
ದಾರಿ ತಪ್ಪಿ ಬಂದ್ರ ಬಂತು.
ಗಾಜಿನ ತುಂಬ ಕುದಿಯೂ ನುಚ್ಚಿನಂಗ ಬಿಳೇ ಚುಕ್ಕಿ,
ಸರ್ರ್ ಅನ್ನೂ ಸಪ್ಪಳ.
ಸೋಮಕ್ಕ ಅದನ್ನ ಒಂದು ತಾಸು ಕುಂತು ನೋಡಿ
‘ಭಾಳ ಮಳಿ ಹತ್ತೇತಿ ಪುಣೇದಾಗ’ ಅಂದ್ಲು.

ಪೈಪು, ಮುರದ ಮಗ್ಗದ ಕಟಗಿ, ಸೈಕಲ್ಲಿನ ತಂತಿ
ಕೂಡಿಸಿ ಮಾವ ಆಂಟೆನಾ ಕಟ್ಟಿದ.
ಹೆಂಚಿನ ಮ್ಯಾಲೆ ನಿಂತು ಅದನ್ನ ತಿರವೂದು ನನ್ನ ಕೆಲಸ.
ನನಗ ಹನ್ನೊಂದು. ಹಗುರಿದ್ದೆ, ಹೆಂಚು ಒಡೀತಿರಲಿಲ್ಲ.
ಮ್ಯಾಲಿಂದ ನಾನು: ‘ಬಂತಾ?’
ಕೆಳಗಿಂದ ಓಣಿ: ‘ಇಲ್ಲ!’
ಯಳ್ಳೂರ ಗುಡ್ಡ ಬೆನ್ನಿಗೆ ಹಾಕಿ, ಸ್ವಲ್ಪ ಎಡಕ್ಕ.
‘ಬಂತಾ?’
‘ಇಲ್ಲ!’
ಮಗ್ಗ ನಿಂದ್ರಿಸಿ ಬಂದವರು ಬೈಕೋತ ಹೊಳ್ಳಿ ಹೋದರು,
ಮರುದಿನ ಮತ್ತ ಬಂದರು.
ಡಿಸೆಂಬರದ ಥಂಡಿ. ಪೈಪು ಅಂಗೈಗೆ ಕಚ್ಚತಿತ್ತು.

ಹದಿನಾರನೇ ಸಂಜಿಗೆ ಮಂಜು ಬಿದ್ದಿತ್ತು.
ತಿರವಿದೆ.
ಕೆಳಗ ಒಮ್ಮೆಲೇ ಯಾರೂ ಕೆಮ್ಮಲಿಲ್ಲ.
ಆಮ್ಯಾಲೆ ಮಾವನ ದನಿ:
‘ಬಂತು! ಅಲ್ಲಾಡಬ್ಯಾಡ ಚಂದೀ, ಅಲ್ಲೇ ಹಿಡಿ!’
ಹಿಡದೆ.
ಎರಡೂ ಕೈ ತಲಿ ಮ್ಯಾಲೆ. ಮೂಗಿನ ತುದಿಗೆ ಒಂದು ಹನಿ.
ಒರಸಿಕೊಳ್ಳಲಿಲ್ಲ.
ಹೆಂಚಿನ ಸಂದಿಯಿಂದ ಹಾಡಿನ ತುಂಡೊಂದು ಏರಿಬಂತು:
ಹೆಣ್ಣದನಿ, ಹಿಂದ ಗಿಟಾರು,
ಕಡೀಕ ಒಂದು ಗಂಟಿ.
ಹದಿನೇಳು ಸೆಕೆಂಡು, ಮಾವ ಎಣಿಸಿದ್ದ.
ಮತ್ತ ಮಳಿ.

ಏನಿತ್ತು? ಇಳಿದಾಕಿನ ಕೇಳಿದೆ.
ಜಾಹೀರಾತು ಅಂದ್ರು.
ಸೋಪಿಂದು, ಅಂದ್ಲು ಸೋಮಕ್ಕ.
ಬಿಸ್ಕೀಟಿಂದು, ಅಂದ ಆಕಿ ಮಗ. ಅಂವಗ ಹಸಿವಿ ಆಗಿತ್ತು.
ನೇಯೂ ಈರಣ್ಣಕಾಕಾ ಸೀರಿ ಅಷ್ಟ ನೋಡಿದ್ದ:
‘ಅಂಚು ಮೂರು ಬೊಟ್ಟು. ಮಿಲ್ಲಿಂದು. ನಮ್ಮ ಕೈ ಅಲ್ಲ.’
ಅವ್ವ ರಾತ್ರಿ, ನಾ ಕೇಳದನ, ಹೇಳಿದ್ಲು:
ಆ ಹುಡಿಗಿ ನಕ್ಕಳ, ಒಂದು ಸಲ,
ನನ್ನ ನೋಡಿ.
ಅಷ್ಟು ಹೇಳಿ ಒಲಿಯೊಳಗಿನ ಕಟಗಿ ಹಿಂದ ಸರಸಿದ್ಲು.

ವಾಲ್ವು ಕೊಡಾಕ ಬಂದಿದ್ದ ಇನಾಸ ಒಬ್ಬಂವ
ಚಿತ್ರಾ ಬಿಟ್ಟು ಧಾಟಿ ಹಿಡದಿದ್ದ.
ಕ್ಯಾಂಪಿನಂವ. ಬ್ಯಾಂಡಿನಾಗ ಕ್ಲಾರಿಯೋನೆಟ್ ಊದತಿದ್ದ.
ಆ ಸಲದ ಲಗ್ನದ ಸುಗ್ಗಿಯೊಳಗ
ಹದಿನೇಳು ಸೆಕೆಂಡು ಹಿಗ್ಗಿ ಹಿಗ್ಗಿ ಅರ್ಧ ತಾಸಾಗಿ
ಖಡೇಬಜಾರದ ತುಂಬ ಹೊಂಟಿತು.
ಕುದುರಿ ಮ್ಯಾಲೆ ಮದಿಮಗ, ಮುಂದ ಗ್ಯಾಸ್‌ಬತ್ತಿ,
ಟೋಪಿ ಹಾರಿಸಿ ಕುಣಿಯೂ ಬೀಗರು.
ಸೋಪೋ ಬಿಸ್ಕೀಟೋ,
ಯಾತಕ್ಕ ಬೆವರತೇವಿ ಅಂತ
ಯಾರೂ ಕೇಳಲಿಲ್ಲ.

ಆಮ್ಯಾಲೆ ಟವರು ಬಂತು, ಬಣ್ಣ ಬಂತು,
ಹೆಂಚು ಹೋಗಿ ಸ್ಲ್ಯಾಬು ಬಂತು.
ಎಷ್ಟು ಜಾಹೀರಾತು ನೋಡೇನಿ,
ಗಂಟಿ ಬಾರಿಸಿದ್ದು ಯಾವುದೂ ಅದಲ್ಲ.
ನೋಡಿದವರು ಒಬ್ಬೊಬ್ಬರ ಹೋದರು.
ಸೋಮಕ್ಕನ ಕೂಡ ಸೋಪು ಹೋತು,
ಕಾಕಾನ ಕೂಡ ಅಂಚು.
ಅವ್ವ ಹೋದಾಗ
ಆ ನಗಿ ನನಗ ಬಿಟ್ಟುಹೋದ್ಲೋ, ಒಯ್ದಳೋ.

ಹ್ವಾದ ವಾರ ಭುಜ ಹಿಡದು ದವಾಖಾನಿಗೆ ಹೋಗಿದ್ದೆ.
ಕಸರತ್ತು ಮಾಡಿಸೂ ಹುಡಿಗಿ
‘ಎರಡೂ ಕೈ ಮ್ಯಾಲೆತ್ತರಿ, ಅಲ್ಲೇ ಹಿಡೀರಿ,
ಅಲ್ಲಾಡಬ್ಯಾಡರಿ’ ಅಂದ್ಲು.
ಎತ್ತಿದೆ.
ಮೂಗಿನ ತುದಿ ಥಣ್ಣಗಾತು.
ಸ್ವಲ್ಪ ಎಡಕ್ಕ ಹೊಳ್ಳಿದೆ, ಪುಣೆ ಯಾವ ಕಡೆ ಅಂತ
ಮೈಗೆ ಗೊತ್ತಿತ್ತು.
‘ಬಂತಾ?’ ಅಂದೆ.
ಆಕಿ ಅಳತಿಪಟ್ಟಿ ನೋಡಿ
‘ಇನ್ನೂ ಸ್ವಲ್ಪ ಬೇಕರಿ, ಮಾವಶಿ’ ಅಂದ್ಲು.