ಸಂದು

ಹದಿನಾಲ್ಕು ವರ್ಷ ಕರಿಹಲಗೆಯ ಮೇಲೆ
ನಾನೇ ಬಿಡಿಸಿದ ಚಿತ್ರ:
ಈ ಕಡೆ ಒಂದು ನರ, ಆ ಕಡೆ ಒಂದು,
ನಡುವೆ ಕೂದಲೆಳೆಗಿಂತ ಸಣ್ಣ ಸಂದು.
ಸುದ್ದಿ ದಾಟಿಸುವ ಚುಕ್ಕಿಗಳಿಗೆ
ಗುಲಾಬಿ ಸೀಮೆಸುಣ್ಣ.
"ಸೆರೊಟೋನಿನ್ ಅಂತ ಬರೀರಿ, ದೀರ್ಘ ಮರೀಬ್ಯಾಡ್ರಿ,
ಎರಡು ಮಾರ್ಕಿಗೆ ಬರ್ತದ."

ಕೊನೆ ಬೆಂಚಿನ ಮುಬೀನಾ ಎದ್ದು ಕೇಳಿದಳು:
"ಮೇಡಂ, ಆ ಕಡಿಗಿನವ್ರು ಬಾಗ್ಲಾನೇ ತೆಗೀಲಿಲ್ಲಂದ್ರ?"
ಸಿಲಬಸ್‌ನಾಗ ಇಲ್ಲ, ಕೂಡು, ಅಂದೆ.

ಈಗ ಶಹಾಬಾದಿನ ಈ ಮನೆಯ ನೆಲಕ್ಕೆ ಬಿದ್ದು
ಪರಸಿ ಕಲ್ಲುಗಳ ಸಂದು ಎಣಿಸುತ್ತೇನೆ.
ಉದ್ದಕ್ಕೆ ಹನ್ನೊಂದು, ಅಡ್ಡಕ್ಕೆ ಏಳು.
ಮತ್ತೆ ಎಣಿಸಿದರೆ ಮರೆತಿರುತ್ತದೆ.

ನಸುಕಿನ ಮೂರೂ ಇಪ್ಪತ್ತರ ಗೂಡ್ಸ್ ಗಾಡಿ
ಕೂಗುವ ಮೊದಲೇ ಎಚ್ಚರ.
ಬಾಚಣಿಗೆ ಎತ್ತಲು ಒಂದು ತಾಸು.
ತೊಗರಿಬೇಳೆ ನಾಲಗೆಯ ಮೇಲೆ ಸೀಮೆಸುಣ್ಣ.
ಅಳು? ಅದು ಬಂದಿದ್ದರೆ
ಮನೆಗೆ ನೆಂಟರು ಬಂದ ಹಾಗಿರುತ್ತಿತ್ತು.
ಮಗಳು ಬಿದ್ದ ಹಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದಳು.
ಹೂಂ, ಅಂದೆ.
ಅವಳು ಇನ್ನೂ ಸ್ವಲ್ಪ ಹೊತ್ತು ಹಿಡಿದೇ ನಿಂತಿದ್ದಳು.

ಅತ್ತೆ ಒಣಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದರು.
"ನೋಡು, ಘಾಟೇ ಇಲ್ಲ, ಕಣ್ಣಾಗ್ಯಾದ."
ಬಾಗಿಲಲ್ಲಿ ನಿಂತ ಹಾಲಿನವ
ಕೆಮ್ಮಿ ಕೆಮ್ಮಿ ಹೋದ.
ನನ್ನ ಮೂಗಿಗೂ ಬರಲಿಲ್ಲ ಘಾಟು.

ಕಲಬುರಗಿಯ ಡಾಕ್ಟರು ಕೇಳಿದರು,
ಮನೆತನದಲ್ಲಿ ಯಾರಿಗಾದರೂ?
ಅಜ್ಜ ಭೀಮಶಾ ನೆನಪಾದ:
ಖಣಿಯಲ್ಲಿ ಕಲ್ಲು ಸೀಳುತ್ತಿದ್ದವ
ಒಂದು ಇಡೀ ಮಳೆಗಾಲ
ಗೋಡೆಗೆ ಮುಖ ಮಾಡಿ ಕೂತ.
ಖಣಿಯ ಗಾಳಿ ಬಡದದ ಅಂದಿದ್ದರು.
ಡಾಕ್ಟರು ಅವನ ಹೆಸರು ಬರೆದು
ಅಲ್ಲಿಂದ ನನಗೊಂದು ಬಾಣ ಎಳೆದರು.

ಆಮೇಲೆ ಚೀಟಿಯ ಬೆನ್ನಿಗೆ
ನನ್ನದೇ ಚಿತ್ರ ನನಗೇ ಬಿಡಿಸಿದರು.
ಸಂದು ದೊಡ್ಡದಾಯ್ತು ಮೇಡಂ,
ಅನ್ನಬೇಕೆನಿಸಿತು, ಬಾಯಿ ಏಳಲಿಲ್ಲ.
"ಚುಕ್ಕಿ ಕಡಿಮೆ ಅಂತ ಒಂದು ಕಾಲಕ್ಕೆ ಹೇಳ್ತಿದ್ವಿ.
ಆದ್ರ ಗುಳಿಗಿ ನುಂಗಿದ ದಿನಾನೇ ಚುಕ್ಕಿ ಹೆಚ್ಚಾಗ್ತಾವ,
ಮನಸು ಏಳ್ಲಾಕ ಮೂರು ವಾರ. ಯಾಕ?
ಕಾರ್ಟಿಸಾಲ್ ಅನ್ನೋ ಕಾವಲುಗಾರ
ರಾತ್ರಿಯೆಲ್ಲಾ ಸೀಟಿ ಊದ್ತಿರಬಹುದು,
ನೆನಪಿನ ಮನಿ ಜರಾ ಕುಗ್ಗಿರಬಹುದು,
ಹೊಸಾ ಕವಲು ಚಿಗೀಲಾಕ ಟೈಮ್ ಬೇಕಾಗ್ತದೇನೋ.
ಖರೇ ಹೇಳ್ಬೇಕಂದ್ರ ಪೂರಾ ಯಾರಿಗೂ ಗೊತ್ತಿಲ್ರಿ."

ಗೊತ್ತಿಲ್ಲ.
ಎಷ್ಟೋ ದಿನಗಳ ಮೇಲೆ
ಆ ಕಡೆಯಿಂದ ಈ ಕಡೆಗೆ ದಾಟಿದ ಮೊದಲ ಮಾತು.

ಮೊದಲ ವಾರ ಹೊಟ್ಟೆ ತೊಳಸಿತು.
ಎರಡನೆಯದು ಮೊದಲಿನ ಹಾಗೇ.
ಗುಳಿಗೆಯ ಹಾಳೆಯಲ್ಲಿ ಖಾಲಿ ಗುಂಡಿಗಳು.
ಒಂದು ಇರುವೆ ಸಕ್ಕರೆ ಹರಳು ಹೊತ್ತು
ಪರಸಿಯ ಅಂಚಿಗೆ ಬಂತು,
ನಿಂತಿತು, ಹಿಂದಕ್ಕೆ ಹೋಯಿತು,
ಇನ್ನೊಂದು ಕಡೆಯಿಂದ ಬಂತು.
ದಾಟಿತೋ ಇಲ್ಲವೋ ನೋಡಲಿಲ್ಲ, ಕಣ್ಣು ಹತ್ತಿತ್ತು.

ನಿನ್ನೆ ಮಧ್ಯಾಹ್ನ ಏಳಲು ಹೋಗಿ
ಅಂಗಾಲು ಊರಿದೆ, ಚುರ್ ಅಂದಿತು.
"ನೆಲ ಸುಡ್ಲಾಕತ್ತದ," ಅಂದೆ, ಗಟ್ಟಿಯಾಗಿ.

ಅಡುಗೆಮನೆಯಿಂದ ಅತ್ತೆ:
"ಮೇ ತಿಂಗಳ ಅದವ್ವಾ,
ಸುಡದೇ ಏನು, ಹಾಡ್ತದೇನು?"