ಅಂಚು ಹೊಲಿಯೋಕಿ

ಕಲೆಕ್ಟರ್ ಕಚೇರಿಯ ಗುಮಾಸ್ತ ಅರ್ಜಿ ತಿರುವಿ ಕೇಳಿದ್ದ,
"ಯಾರಿಗ್ ಹೊಡೀತೀರಿ ಬಾಯಾರ?"
"ಕಾಗದಕ್ಕ" ಅಂದೆ.
ನಕ್ಕ.
ಮುಂದ ಹದಿನಾಲ್ಕು ತಿಂಗಳು ಅವನೂ ನಗಲಿಲ್ಲ,
ಫೈಲೂ ಕದಲಲಿಲ್ಲ.

ಲೈಸೆನ್ಸು ಕೈಗೆ ಬಂದ ದಿನ ನನ್ನದು ರಾತ್ರಿ ಪಾಳಿ.
ಅಕ್ಕಲಕೋಟ ರೋಡಿನ ಕಾರ್ಖಾನೆಯೊಳಗ
ಟಾವೆಲ್ಲಿನ ಅಂಚು ಮಡಚಿ ಹೊಲಿಯೋದು ನನ್ನ ಕೆಲಸ,
ತಾಸಿಗೆ ಎಂಬತ್ತು.
ಅವತ್ತು ನಾಕು ಸೊಟ್ಟ ಬಂದವು.
ಮುಕಾದಮ ಏನೂ ಅನ್ನಲಿಲ್ಲ, ಎತ್ತಿ ಬ್ಯಾರೆ ಇಟ್ಟ.

ಹವಾಲ್ದಾರ ಬಿರಾಜದಾರ ಮೊದಲ ಹೇಳಿದ್ರು,
"ಅರ್ಧಾ ರೊಕ್ಕ ಬಂದೂಕಿಗೆ, ಅರ್ಧಾ ಗುಂಡಿಗೆ.
ಎಲ್ಲಾ ಕಬ್ಬಿಣಕ್ಕ ಸುರದಿ ಅಂದ್ರ
ಗ್ವಾಡಿಗೆ ತೂಗ ಹಾಕಿ ಪೂಜಾ ಮಾಡಕೋತ ಕೂಡಬೇಕು."

ಇಮಾಮಹುಸೇನ ಶಿಕಲಗಾರರ ಅಂಗಡಿ ಮಟ್ಟಲಾ ಏರಿದೆ.
ಅವರ ಅಜ್ಜ ಕತ್ತಿ ಮಸೀತಿದ್ದನಂತ,
ಮೊಮ್ಮಗನ ಮಾತೂ ಹಂಗ, ಸಣ್ಣಗ, ಹರಿತ.
ಜರ್ಮನಿದೊಂದು ತೆಗೆದು ಮಕಮಲ್ಲಿನ ಮ್ಯಾಲ ಇಟ್ರು.
ಬೆಲಿ ಕೇಳಿ ನನ್ನ ಕೈ
ತಾನಾಗೇ ಬೆನ್ನ ಹಿಂದ ಹೋತು.
ಇನ್ನೊಂದು ಹೊಸದು, ಸ್ವಸ್ತ, ಎಣ್ಣಿ ವಾಸನಿ ಇನ್ನೂ ಹೋಗಿಲ್ಲ,
ಆದ್ರ ಟ್ರಿಗರ್ ಎಳಿಯೂದಂದ್ರ
ಹಟಮಾರಿ ಎಮ್ಮಿ ಎಳದಂಗ:
ಬರೂದು ಬರ್ತದ, ಗುರಿ ಬಿಟ್ಟು ಬರ್ತದ.

"ಅದೇನು, ಆ ಮೂಲ್ಯಾಗ?"
"ಅದಾ? ಅದಕ್ಕ ಗಿರಾಕಿ ಇಲ್ಲವ್ವಾ."
ಹಳೆ ಚಾದರದಾಗ ಸುತ್ತಿದ್ದು.
ಹುಟಗಿ ಸ್ಟೇಶನ್ನಿನ ಗಾರ್ಡು ಒಬ್ಬನದಂತ,
ಚೆಕ್ ದೇಶದ ಮಾಲು, ನನಗಿಂತ ವಯಸ್ಸಿನಾಗ ದೊಡ್ಡದು.
ಮರದ ಹಿಡಿ ಸೀಳಿತ್ತು, ಹಿತ್ತಾಳಿ ಮೊಳಿ ಬಡದಿದ್ರು.
ಕೆನ್ನಿ ಇಡುವಲ್ಲಿ ಬಣ್ಣ ಸವದು
ಮರ ಬೆಳ್ಳಗಾಗಿತ್ತು, ಒಬ್ಬ ಮನಶ್ಯಾನ ಗುರುತಿನ ಹಂಗ.

ಬೋಲ್ಟು ತೆಗೆದು, ಒಂದು ಬಿಳಿ ಚೀಟಿ ಹಿಂದ ಹಿಡಿದು
ನಳಿಗ್ಯಾಗ ಇಣುಕಿದೆ.
ಬೆಳಕು ಸುರುಳಿ ಸುರುಳಿ ಒಳಗ ಹೋಗಿತ್ತು,
ಎಲ್ಲೂ ಜಂಗಿಲ್ಲ.
ಸತ್ತವ ಛಲೋ ಒರಸ್ತಿದ್ದ.

"ಈ ಸಣ್ಣ ಗುಂಡಿನ ಬೆಂಕಿ ನಟ್ಟ ನಡುವ ಇರೂದಿಲ್ಲ,
ಅಂಚಿನ್ಯಾಗ ಇರ್ತದ," ಅಂದ್ರು ಶಿಕಲಗಾರ,
"ಪಿನ್ನು ಬಂದು ಅಂಚಿಗೇ ಬಡೀಬೇಕು."
ನನಗ ಅದನ್ನ ಬಿಡಿಸಿ ಹೇಳೂದು ಬೇಕಿರಲಿಲ್ಲ.
ಪಗಾರ ಚೀಟಿ ಮರಾಠಿ, ಮಗ್ಗಲ ಮಶೀನಿನಾಕಿ ತೆಲುಗು,
ಬೆರಳು ಮಡಚಿ ಎಣಿಸೂದು ಮಾತ್ರ
ಅವ್ವ ಕಲಿಸಿದ ಕನ್ನಡದಾಗ.

ಆಯಿತವಾರ ರೇಂಜಿಗೆ ತಂದ್ರು.
ಬೋರಲ ಮಲಗಿದೆ, ಐವತ್ತು ಮೀಟರ್ ಆಚೆ
ಕರಿ ಚುಕ್ಕಿ ಸಾಸವಿಯಷ್ಟು.
ಮೂರು ಥರದ ಗುಂಡು, ಐದೈದು.
ತುಟ್ಟಿದು ಕಾಗದದ ತುಂಬ ಓಡ್ಯಾಡಿತು.
ನಡುಬೆಲಿದು ಪರವಾಗಿಲ್ಲ.
ಎಲ್ಲಕ್ಕಿಂತ ಸ್ವಸ್ತದ್ದಕ್ಕ ಈ ಮುದುಕಿ ಒಲಿದಳು.
ಐದಕ್ಕ ಒಂದ ತೂತು ಬಿತ್ತು ಅಂತ ಸುಳ್ಳ ಯಾಕ ಹೇಳ್ಲಿ?
ಮೂರು ಕೂಡಿದ್ದವು, ಒಂದು ಮಗ್ಗಲಾಗ,
ಇನ್ನೊಂದು ನನ್ನ ತಪ್ಪು, ಉಸಿರು ತಡೀಲಿಲ್ಲ.
ಬಿರಾಜದಾರ ಕಿಸೆದಿಂದ ರೂಪಾಯಿ ತೆಗೆದು
ತೂತಿನ ಮ್ಯಾಲಿಟ್ರು. ನಾಕು ಮುಚ್ಚಿದವು.
ರೂಪಾಯಿ ತಿರುಗಿ ಕಿಸೆಕ್ಕ ಹಾಕ್ಕೊಂಡ್ರು, ಮಾತಾಡಲಿಲ್ಲ.

ಗಾರ್ಡಿನ ಮಾರಿ ಅಗಲಿದ್ದೀತು, ನನ್ನದು ಸಣ್ಣದು,
ಕೆನ್ನಿ ಇಟ್ರ ಕಣ್ಣು ಎರಡು ಬೆರಳು ಕೆಳಗ ಉಳೀತದ.
ಅದಕ್ಕೇನು ಅಂಗಡಿ ಹುಡುಕಲಿ?
ಬ್ಯಾರೆ ಎತ್ತಿಟ್ಟ ಆ ನಾಕು ಸೊಟ್ಟ ಟಾವೆಲ್ಲು
ಮುಕಾದಮನ್ನ ಕೇಳಿ ಅರ್ಧ ಬೆಲೆಗೆ ತಂದೆ.
ಒಂದನ್ನ ಕತ್ತರಿಸಿ, ನಾಕು ಪದರ ಮಾಡಿ,
ಸುತ್ತಲೂ ಟಾಕಿ ಹಾಕಿ ಗಾದಿ ಮಾಡಿಟ್ಟೀನಿ.

ಕಾಗದ ಪತ್ರ ನನ್ನ ಹೆಸರಿಗಾಗಾಕ ಇನ್ನ ಎರಡು ವಾರ.
ಅಲ್ಲೀಮಟ ಬಂದೂಕು ಶಿಕಲಗಾರರ ಮೂಲ್ಯಾಗೇ ಇರ್ಲಿ,
ಆ ಚಾದರದಾಗೇ.
ಉಳಿದ ರೊಕ್ಕಕ್ಕ ಎಷ್ಟು ಗುಂಡು ಬಂದಾವು ಅಂತ
ನಿನ್ನೆ ರಾತ್ರಿ ಮಶೀನಿನ ಮುಂದ ಕೂತು ಲೆಕ್ಕ ಹಾಕಿದೆ.
ಡಬ್ಬಿಗೆ ಐವತ್ತು. ಎಂಟು ಡಬ್ಬಿ.
ಬೆರಳು ಮಡಚಿ ಎರಡು ಸಲ ಎಣಿಸಿದೆ.
ನಾನೂರು.